ಹಿಂಬಾಗಿಲಿನಿಂದ ಹೋದವರ ಲೆಕ್ಕ: ಕರ್ನಲ್‌ನ ಮೆಮೊರಿ ಸೋರಿಕೆ ಮತ್ತು ಅದರ ರಿಪೇರಿ

ಕಳೆದ ತಿಂಗಳು ಲ್ಯಾಬಿನಲ್ಲಿ ಒಂದು ಕಂಪ್ಯೂಟರ್ ಬಹಳ ನಿಧಾನವಾಯಿತು. ನಾನು ಎಂದಿನಂತೆ ರೀಸ್ಟಾರ್ಟ್ ಮಾಡಿದೆ, ಸರಿಹೋಯಿತು. ಆಗ ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ನೀವು ಏನನ್ನೂ ರಿಪೇರಿ ಮಾಡಲಿಲ್ಲ. ಬಂದ್ ಮಾಡಿ ಚಾಲೂ ಮಾಡಿದಿರಿ ಅಷ್ಟೆ. ಹಾಗಾದರೆ ಕೆಟ್ಟಿದ್ದು ಏನು, ಸರಿಯಾಗಿದ್ದು ಏನು?"

ಪ್ರಶ್ನೆ ಸಣ್ಣದು, ಆದರೆ ತರಗತಿಯ ಹತ್ತು ನಿಮಿಷದಲ್ಲಿ ಮುಗಿಯುವಂಥದ್ದಲ್ಲ. ನಿಧಾನವಾಗಲು ಕಾರಣಗಳು ಹಲವು ಇರುತ್ತವೆ. ಅವುಗಳಲ್ಲಿ ಒಂದು, ಕಣ್ಣಿಗೆ ಕಾಣದ್ದು, ಮೆಮೊರಿ ಸೋರಿಕೆ. ಅದರಲ್ಲೂ ಆಪರೇಟಿಂಗ್ ಸಿಸ್ಟಂನ ಒಳಗೇ ಆಗುವ ಸೋರಿಕೆ. ಇದನ್ನು ಹೇಗೆ ಹುಡುಕುತ್ತಾರೆ, ಹೇಗೆ ಸರಿಪಡಿಸುತ್ತಾರೆ ಎಂಬುದನ್ನು ನಿಜವಾಗಿ ನಡೆದ ಒಂದು ಪ್ರಕರಣದ ಮೂಲಕ ಈ ಲೇಖನದಲ್ಲಿ ತಿಳಿಯೋಣ.

ಕರ್ನಲ್ ಎಂದರೇನು?

ಆಪರೇಟಿಂಗ್ ಸಿಸ್ಟಂನ ಹೃದಯಭಾಗಕ್ಕೆ ಕರ್ನಲ್ ಎಂದು ಹೆಸರು. ನಿಮ್ಮ ಮನೆಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಓಡುತ್ತಿರುವುದು ಲಿನಕ್ಸ್ ಕರ್ನಲ್. ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಇದನ್ನು ಶುರು ಮಾಡಿದಾಗ ಅವರಿಗೆ 21 ವರ್ಷ. ವಾಟ್ಸಾಪ್, ಕ್ಯಾಮೆರಾ, ಬ್ರೌಸರ್ ಇವೆಲ್ಲ ಕರ್ನಲ್‌ನ ಬಳಿ ಬಂದು "ನನಗೆ ಇಷ್ಟು ಮೆಮೊರಿ ಕೊಡು, ಈ ಫೈಲ್ ತೆರೆದುಕೊಡು" ಎಂದು ಕೇಳುತ್ತವೆ. ಕೊಡುವುದೂ ವಾಪಸ್ ಪಡೆಯುವುದೂ ಕರ್ನಲ್‌ನ ಕೆಲಸ.

ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಒಂದು ಆ್ಯಪ್ ತಾನು ಪಡೆದ ಮೆಮೊರಿಯನ್ನು ಹಿಂದಿರುಗಿಸಲು ಮರೆತರೆ ದೊಡ್ಡ ಅನಾಹುತವಿಲ್ಲ. ಆ್ಯಪ್ ಮುಚ್ಚಿದ ಕೂಡಲೇ ಕರ್ನಲ್ ಅದರ ಪಾಲಿನದ್ದನ್ನೆಲ್ಲ ಗುಡಿಸಿ ತೆಗೆದುಕೊಳ್ಳುತ್ತದೆ. ಆದರೆ ಕರ್ನಲ್ ತನ್ನ ಸ್ವಂತ ಬಳಕೆಗೆ ಇಟ್ಟುಕೊಂಡ ಮೆಮೊರಿಯನ್ನು ತಾನೇ ಮರೆತರೆ? ಅದರ ಹಿಂದೆ ಗುಡಿಸುವವರು ಯಾರೂ ಇಲ್ಲ. ಯಂತ್ರ ಬಂದ್ ಆಗುವವರೆಗೆ ಆ ಜಾಗ ಹೋದ ಹಾಗೆಯೇ.

ಒಂದು ಲೆಕ್ಕ ಮಾಡೋಣ. ಒಂದು ಸಲಕ್ಕೆ 256 ಬೈಟ್ ಸೋರುತ್ತದೆ, ಸೆಕೆಂಡಿಗೆ 100 ಸಲ ಹೀಗಾಗುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ 25,600 ಬೈಟ್. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ದಿನಕ್ಕೆ ಸುಮಾರು 2.2 ಗಿಗಾಬೈಟ್. 4 ಗಿಗಾಬೈಟ್ ಮೆಮೊರಿ ಇರುವ ಯಂತ್ರ ಎರಡು ದಿನ ಬಾಳುವುದೂ ಕಷ್ಟ. ನಮ್ಮ ಲ್ಯಾಬಿನ ಕಂಪ್ಯೂಟರನ್ನು ಸಂಜೆ ಬಂದ್ ಮಾಡುತ್ತೇವೆ, ಹಾಗಾಗಿ ಗೊತ್ತಾಗುವುದಿಲ್ಲ. ಆಸ್ಪತ್ರೆಯ, ಬ್ಯಾಂಕಿನ, ವಿದ್ಯುತ್ ಕೇಂದ್ರದ ಸರ್ವರುಗಳು ತಿಂಗಳುಗಟ್ಟಲೆ ಬಂದ್ ಆಗದೆ ನಡೆಯಬೇಕು.

ಓದುವ ಕೋಣೆಯ ಸ್ಲೇಟು

ಮೆಮೊರಿಯನ್ನು ಯಾವಾಗ ಬಿಡಬೇಕು ಎಂದು ಕರ್ನಲ್‌ಗೆ ಹೇಗೆ ಗೊತ್ತಾಗುತ್ತದೆ? ಒಂದೇ ವಸ್ತುವನ್ನು ಹತ್ತು ಕಡೆಯವರು ಒಟ್ಟಿಗೆ ಬಳಸುತ್ತಿರಬಹುದು. ಒಬ್ಬರ ಕೆಲಸ ಮುಗಿಯಿತೆಂದು ಅದನ್ನು ಅಳಿಸಿದರೆ ಉಳಿದ ಒಂಬತ್ತು ಜನರ ಗತಿ ಏನು?

ಇದಕ್ಕೆ ಉಪಾಯ ರೆಫರೆನ್ಸ್ ಕೌಂಟ್, ಅಂದರೆ ಬಳಸುತ್ತಿರುವವರ ಎಣಿಕೆ. ಜಾರ್ಜ್ ಕಾಲಿನ್ಸ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಈ ಉಪಾಯ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಅದನ್ನು ಹೀಗೆ ಊಹಿಸಿಕೊಳ್ಳಿ.

ಪರೀಕ್ಷೆಯ ದಿನಗಳು. ಕಾಲೇಜಿನ ಓದುವ ಕೋಣೆ ಸಂಜೆಯೂ ತೆರೆದಿದೆ. ಮೂಡಲಗಿ, ಹುಕ್ಕೇರಿ ಕಡೆಯ ಬಸ್ಸಿಗೆ ಹೊತ್ತಿದೆ ಎಂದು ಕೆಲವರು ಬಂದು ಕೂಡುತ್ತಾರೆ, ಗೋಕಾಕದವರು ಇನ್ನಷ್ಟು ಹೊತ್ತು ಓದುತ್ತಾರೆ. ಬಾಗಿಲಲ್ಲಿ ಸಿಪಾಯಿ ಚಾಚಾ ಒಂದು ಸ್ಲೇಟು ಹಿಡಿದು ಕುಳಿತಿದ್ದಾರೆ. ಒಬ್ಬರು ಒಳಗೆ ಹೋದರೆ ಒಂದು ಕೂಡಿಸುತ್ತಾರೆ, ಹೊರಗೆ ಬಂದರೆ ಒಂದು ಕಳೆಯುತ್ತಾರೆ. ಸ್ಲೇಟಿನಲ್ಲಿ ಸೊನ್ನೆ ಬಂದ ಕೂಡಲೇ ದೀಪ, ಫ್ಯಾನ್ ಆರಿಸಿ ಬೀಗ ಹಾಕುತ್ತಾರೆ. ಅವರು ಒಳಗೆ ಇಣುಕಿ ನೋಡುವುದಿಲ್ಲ, ಸ್ಲೇಟನ್ನೇ ನಂಬುತ್ತಾರೆ.

ಕರ್ನಲ್‌ನಲ್ಲೂ ಇಷ್ಟೇ. ವಸ್ತುವನ್ನು ಹಿಡಿದುಕೊಳ್ಳುವುದಕ್ಕೆ 'ಗೆಟ್', ಬಿಡುವುದಕ್ಕೆ 'ಪುಟ್' ಎನ್ನುತ್ತಾರೆ. ಗೆಟ್ ಎಂದರೆ ಒಂದು ಕೂಡು. ಪುಟ್ ಎಂದರೆ ಒಂದು ಕಳೆ, ಸೊನ್ನೆಯಾದರೆ ಮೆಮೊರಿ ಬಿಡು. ಪ್ರತಿ ಗೆಟ್‌ಗೆ ಒಂದೇ ಒಂದು ಪುಟ್ ಇರಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಈ ವ್ಯವಸ್ಥೆ ಮೂರು ರೀತಿಯಲ್ಲಿ ಕೆಡಬಹುದು.

ಮೊದಲನೆಯದು: ಒಬ್ಬ ಹುಡುಗ ಬಸ್ಸು ಬಂತೆಂದು ಹಿಂಬಾಗಿಲಿನಿಂದ ಓಡಿಹೋದ. ಚಾಚಾ ಕಳೆಯಲಿಲ್ಲ. ಎಲ್ಲರೂ ಹೋದ ಮೇಲೂ ಸ್ಲೇಟಿನಲ್ಲಿ 1 ಉಳಿದಿದೆ. ರಾತ್ರಿಯಿಡೀ ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತದೆ. ಇದೇ ಸೋರಿಕೆ.

ಎರಡನೆಯದು: ಒಬ್ಬರು ಹೊರಬಂದಾಗ ಚಾಚಾ ಮರೆತು ಎರಡು ಸಲ ಕಳೆದರು. ಒಳಗೆ ಇನ್ನೊಬ್ಬರು ಓದುತ್ತಿರುವಾಗಲೇ ಸೊನ್ನೆ ಬಂತು, ಬೀಗ ಬಿತ್ತು. ಕರ್ನಲ್‌ನ ಭಾಷೆಯಲ್ಲಿ ಇದು ಬಿಟ್ಟುಕೊಟ್ಟ ಮೆಮೊರಿಯನ್ನು ಬಳಸುವ ದೋಷ. ಇದು ಸೋರಿಕೆಗಿಂತ ಎಷ್ಟೋ ಅಪಾಯಕಾರಿ.

ಮೂರನೆಯದು: ಸ್ಲೇಟಿನಲ್ಲಿ ಎರಡೇ ಅಂಕಿಗೆ ಜಾಗವಿದೆ. ಹಿಂಬಾಗಿಲಿನಿಂದ ಹೋಗುವುದು, ಮುಂಬಾಗಿಲಿನಿಂದ ಬರುವುದು ಎಂದು ಒಬ್ಬನೇ ತುಂಟ ಹುಡುಗ ಸುತ್ತುತ್ತಲೇ ಇದ್ದರೆ ಎಣಿಕೆ 97, 98, 99 ಆಗಿ ಮುಂದೆ 00 ಆಗುತ್ತದೆ. ಒಳಗೆ ಜನರಿದ್ದಾರೆ, ಸ್ಲೇಟಿನಲ್ಲಿ ಸೊನ್ನೆ. ಅಂದರೆ ಮೊದಲನೆಯ ಸಣ್ಣ ತಪ್ಪೇ ಬೆಳೆದು ಎರಡನೆಯ ದೊಡ್ಡ ಅಪಾಯವಾಯಿತು.

ಮೂರನೆಯದು ಬರೀ ಕಲ್ಪನೆ ಎನಿಸಬಹುದು. ಆದರೆ ಲಿನಕ್ಸ್‌ನಲ್ಲಿ ಇದು ಹಾಗೆಯೇ ನಡೆಯಿತು.

2016ರ ಜನವರಿ

ಪರ್ಸೆಪ್ಶನ್ ಪಾಯಿಂಟ್ ಎಂಬ ಇಸ್ರೇಲಿ ಭದ್ರತಾ ಸಂಸ್ಥೆ 2016ರ ಜನವರಿಯಲ್ಲಿ ಲಿನಕ್ಸ್ ಕರ್ನಲ್‌ನ ಒಂದು ದೋಷವನ್ನು ಬಹಿರಂಗಪಡಿಸಿತು. ದೋಷಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2016-0728. 2013ರ ಫೆಬ್ರವರಿಯಲ್ಲಿ ಬಂದ 3.8ನೇ ಆವೃತ್ತಿಯಿಂದಲೂ ಅದು ಅಲ್ಲಿತ್ತು. ಸುಮಾರು ಮೂರು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ದೋಷವಿದ್ದದ್ದು ಕೀರಿಂಗ್ ಎಂಬ ಭಾಗದಲ್ಲಿ. ಕೀರಿಂಗ್ ಎಂದರೆ ಕೀಲಿಕೈ ಗೊಂಚಲು. ಪ್ರೋಗ್ರಾಂಗಳು ತಮ್ಮ ಗುಪ್ತ ಕೀಲಿಗಳನ್ನು ಕರ್ನಲ್‌ನೊಳಗೆ ಭದ್ರವಾಗಿಡಲು ಬಳಸುವ ಗೊಂಚಲು ಇದು. "ಈ ಹೆಸರಿನ ಗೊಂಚಲನ್ನು ನನ್ನದಾಗಿಸು" ಎಂದು ಪ್ರೋಗ್ರಾಂ ಕೇಳಿದಾಗ ಜಾಯಿನ್_ಸೆಷನ್_ಕೀರಿಂಗ್ ಎಂಬ ಫಂಕ್ಷನ್ ಕೆಲಸ ಮಾಡುತ್ತದೆ. ಅದರ ಹಂತಗಳನ್ನು ಸರಳ ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

1. ಆ ಹೆಸರಿನ ಗೊಂಚಲನ್ನು ಹುಡುಕು. ಸಿಕ್ಕರೆ ಅದರ ಎಣಿಕೆಗೆ ಒಂದು ಕೂಡಿಸು.
2. ಸಿಗದಿದ್ದರೆ ಹೊಸದೊಂದನ್ನು ಮಾಡು.
3. ಸಿಕ್ಕಿದ್ದು ಈ ಪ್ರೋಗ್ರಾಂ ಬಳಿ ಈಗಾಗಲೇ ಇರುವ ಗೊಂಚಲೇ ಆಗಿದ್ದರೆ ಮಾಡುವ ಕೆಲಸವೇನೂ ಇಲ್ಲ, ಯಶಸ್ಸು ಎಂದು ಹೇಳಿ ಹೊರಡು.
4. ಇಲ್ಲವಾದರೆ ಗೊಂಚಲನ್ನು ಪ್ರೋಗ್ರಾಂಗೆ ಜೋಡಿಸು.
5. ಒಂದನೇ ಹಂತದಲ್ಲಿ ಕೂಡಿಸಿದ್ದನ್ನು ಕಳೆದು ಹೊರಡು.

ಮುಂದೆ ಓದುವ ಮೊದಲು ಒಂದು ನಿಮಿಷ ನಿಲ್ಲಿ. ತಪ್ಪು ಎಲ್ಲಿದೆ ಎಂದು ನೀವೇ ಹುಡುಕಿ ನೋಡಿ.

ಮೂರನೇ ಹಂತವನ್ನು ಗಮನಿಸಿ. ಮಾಡುವ ಕೆಲಸವಿಲ್ಲ ಎಂದು ಅದು ನೇರ ಹೊರಗೆ ಹೋಗುತ್ತದೆ. ಆದರೆ ಒಂದನೇ ಹಂತದಲ್ಲಿ ಕೂಡಿಸಿದ ಒಂದು ಹಾಗೆಯೇ ಉಳಿಯಿತು. ಕಳೆಯುವ ಸಾಲು ಐದನೇ ಹಂತದಲ್ಲಿದೆ, ಈ ದಾರಿ ಅಲ್ಲಿಗೆ ಹೋಗುವುದೇ ಇಲ್ಲ. ಇದೇ ಹಿಂಬಾಗಿಲು.

ಅದೇ ಹೆಸರನ್ನು ಮತ್ತೆ ಮತ್ತೆ ಕೇಳುತ್ತ ಹೋದರೆ ಪ್ರತಿ ಸಲವೂ ಎಣಿಕೆ ಒಂದು ಏರುತ್ತದೆ. ಎಷ್ಟು ಸಲ ಕೇಳಿದರೂ ಗೊಂಚಲು ಒಂದೇ, ಆದ್ದರಿಂದ ಸೋರಿದ ಜಾಗ ಬಹಳ ಸಣ್ಣದು. ಅಪಾಯವಿದ್ದದ್ದು ಎಣಿಕೆಯಲ್ಲಿ. ಎಣಿಕೆಗೆ 32 ಬಿಟ್‌ಗಳ ಜಾಗ. ಅದರಲ್ಲಿ 2ರ 32ನೇ ಘಾತ, ಅಂದರೆ 429,49,67,296 ಬೇರೆ ಬೇರೆ ಸಂಖ್ಯೆಗಳು ಹಿಡಿಸುತ್ತವೆ. ಅಷ್ಟೂ ಮುಗಿದರೆ ಸ್ಲೇಟಿನ 99ರಂತೆ ಮತ್ತೆ ಸೊನ್ನೆ. 429 ಕೋಟಿ ಸಲ ಯಾರು ಕೇಳುತ್ತಾರೆ ಎನ್ನಬೇಡಿ. ಇಂಟೆಲ್ ಐ7 ಪ್ರೊಸೆಸರಿನಲ್ಲಿ ಇದಕ್ಕೆ ಹಿಡಿದದ್ದು ಸುಮಾರು 30 ನಿಮಿಷ. 1,800 ಸೆಕೆಂಡಿನಿಂದ ಭಾಗಿಸಿ ನೋಡಿ, ಸೆಕೆಂಡಿಗೆ ಸುಮಾರು 24 ಲಕ್ಷ ಸಲ.

ಎಣಿಕೆ ಸೊನ್ನೆಯಾದಾಗ ಕರ್ನಲ್ ಗೊಂಚಲಿನ ಮೆಮೊರಿಯನ್ನು ಬಿಟ್ಟುಬಿಡುತ್ತದೆ. ಪ್ರೋಗ್ರಾಂನ ಬಳಿ ಅದರ ವಿಳಾಸ ಇನ್ನೂ ಇದೆ. ದಾಳಿಕೋರ ಆ ಖಾಲಿ ಜಾಗದಲ್ಲಿ ತನ್ನದೇ ನಕಲಿ ಗೊಂಚಲನ್ನು ತುಂಬಿಸುತ್ತಾನೆ. ಅದರೊಳಗೆ "ಮುಂದೆ ಈ ಫಂಕ್ಷನ್ ನಡೆಸು" ಎಂಬ ವಿಳಾಸವೂ ಇರುತ್ತದೆ. ಕರ್ನಲ್ ಅದನ್ನು ನಂಬಿ ನಡೆಸುತ್ತದೆ. ಅಲ್ಲಿಗೆ ಸಾಮಾನ್ಯ ಬಳಕೆದಾರ ಇಡೀ ಯಂತ್ರದ ಒಡೆಯನಾದ. ಒಂದು ಕಳೆಯುವ ಸಾಲು ಬಿಟ್ಟುಹೋದದ್ದಕ್ಕೆ ಇಷ್ಟು ಬೆಲೆ. ಎಷ್ಟು ಆಂಡ್ರಾಯ್ಡ್ ಫೋನುಗಳಿಗೆ ಅಪಾಯವಿದೆ ಎಂಬ ಬಗ್ಗೆ ಸಂಶೋಧಕರ ಅಂದಾಜನ್ನು ಗೂಗಲ್ ಒಪ್ಪಲಿಲ್ಲ, ಸಂಖ್ಯೆ ಬಹಳ ಕಡಿಮೆ ಎಂದಿತು. ಆದರೂ ರಿಪೇರಿಯನ್ನು ಕೂಡಲೇ ಕಳಿಸಿತು.

ರಿಪೇರಿ

ರಿಪೇರಿ ಎಷ್ಟು ದೊಡ್ಡದಿತ್ತು? ಮೂರನೇ ಹಂತದಲ್ಲಿ ಹೊರಡುವ ಮುನ್ನ ಒಂದು ಸಾಲು: ಕೀ_ಪುಟ್. ಅಂದರೆ ಕೂಡಿಸಿದ್ದನ್ನು ಕಳೆ. ಅಷ್ಟೇ.

ಒಂದು ಸಾಲಿನ ರಿಪೇರಿಗೆ ಇಷ್ಟು ಮಾತೇ ಎನಿಸಬಹುದು. ಸಾಲು ಬರೆಯುವುದು ಸುಲಭ, ಎಲ್ಲಿ ಬರೆಯಬೇಕೆಂದು ತಿಳಿಯುವುದು ಕಷ್ಟ. ತಪ್ಪು ಜಾಗದಲ್ಲಿ ಬರೆದರೆ ಎರಡು ಸಲ ಕಳೆದಂತಾಗಿ, ಸೋರಿಕೆಯನ್ನು ಸರಿಪಡಿಸಲು ಹೋಗಿ ಅದಕ್ಕಿಂತ ಕೆಟ್ಟ ದೋಷವನ್ನು ತಂದಂತಾಗುತ್ತದೆ. ಆದ್ದರಿಂದ ಕರ್ನಲ್ ಕೆಲಸ ಮಾಡುವವರು ಒಂದು ಕ್ರಮ ಅನುಸರಿಸುತ್ತಾರೆ.

ಮೊದಲು, ಸೋರಿಕೆಯನ್ನು ಬೇಕೆಂದಾಗ ಮತ್ತೆ ಮಾಡಿ ತೋರಿಸಬೇಕು. ಕೀರಿಂಗ್ ಪ್ರಕರಣದಲ್ಲಿ ಗೊಂಚಲುಗಳ ಎಣಿಕೆಯನ್ನು ಕರ್ನಲ್ಲೇ ಒಂದು ಪಟ್ಟಿಯಲ್ಲಿ ತೋರಿಸುತ್ತದೆ. ಒಂದೇ ಹೆಸರನ್ನು ನೂರು ಸಲ ಕೇಳಿ ಪಟ್ಟಿ ನೋಡಿದರೆ ಎಣಿಕೆ ನೂರು ಏರಿರುತ್ತದೆ. ಅದೇ ಸಾಕ್ಷಿ.

ಎರಡನೆಯದು, ಫಂಕ್ಷನ್‌ನಿಂದ ಹೊರಹೋಗುವ ಎಲ್ಲ ದಾರಿಗಳನ್ನೂ ಕಾಗದದ ಮೇಲೆ ಬರೆಯಬೇಕು. ಪ್ರತಿ ದಾರಿಯಲ್ಲೂ ಎಷ್ಟು ಗೆಟ್, ಎಷ್ಟು ಪುಟ್ ಎಂದು ಎಣಿಸಬೇಕು. ಎಲ್ಲರೂ ನಡೆಯುವ ಮುಂಬಾಗಿಲಿನ ದಾರಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಏಕೆಂದರೆ ಅದನ್ನು ದಿನವೂ ಪರೀಕ್ಷಿಸುತ್ತಾರೆ. ತಪ್ಪು ಅಡಗುವುದು ತಪ್ಪು ಸಂಭವಿಸಿದಾಗ ಅಥವಾ ಕೆಲಸವೇ ಇಲ್ಲದಾಗ ಬೇಗ ಹೊರಡುವ ದಾರಿಗಳಲ್ಲಿ.

ಮೂರನೆಯದು, ತಿದ್ದಿದ ಮೇಲೆ ಎರಡೂ ಕಡೆಯಿಂದ ಪರೀಕ್ಷಿಸಬೇಕು. ಎಣಿಕೆ ಏರುತ್ತಿಲ್ಲ ಎಂಬುದಷ್ಟೇ ಸಾಲದು, ಬೇರೆ ದಾರಿಗಳಲ್ಲಿ ಅದು ಅಗತ್ಯಕ್ಕಿಂತ ಕೆಳಗೆ ಇಳಿಯುತ್ತಿಲ್ಲ ಎಂಬುದನ್ನೂ ನೋಡಬೇಕು.

ಹುಡುಕಲು ಸಹಾಯ ಮಾಡುವ ಸಾಧನಗಳಿವೆ. 2009ರಲ್ಲಿ ಲಿನಕ್ಸ್‌ಗೆ ಸೇರಿದ ಕೆಮೆಮ್‌ಲೀಕ್ ಎಂಬ ಸಾಧನ ಇಡೀ ಮೆಮೊರಿಯನ್ನು ಜಾಲಾಡಿ, ಯಾರ ಬಳಿಯೂ ವಿಳಾಸವಿಲ್ಲದ ಅನಾಥ ತುಣುಕುಗಳನ್ನು ಪಟ್ಟಿ ಮಾಡುತ್ತದೆ. ಆದರೆ ಎಣಿಕೆ ತಪ್ಪಿದ ವಸ್ತು ಎಷ್ಟೋ ಸಲ ಅನಾಥವಾಗಿರುವುದಿಲ್ಲ. ಕರ್ನಲ್‌ನ ಯಾವುದೋ ಪಟ್ಟಿಯಲ್ಲಿ ಅದರ ಹೆಸರು ಇದ್ದೇ ಇರುತ್ತದೆ. ನಮ್ಮ ಓದುವ ಕೋಣೆಯೂ ಹಾಗೆಯೇ: ದಾಖಲೆಯ ಪ್ರಕಾರ ಒಳಗೆ ಒಬ್ಬರಿದ್ದಾರೆ, ಇಲ್ಲವೆಂದು ಹೇಳುವವರು ಯಾರು? ಇಂಥಲ್ಲಿ ಸಾಧನ ಮೌನವಾಗಿರುತ್ತದೆ, ಮನುಷ್ಯನೇ ಕೋಡ್ ಓದಬೇಕು.

ಇನ್ನೊಂದು ಉದಾಹರಣೆ ಹೊಸಬರಿಗೆ ಉಪಯುಕ್ತ. ಫೋನ್ ಮತ್ತು ಸಣ್ಣ ಬೋರ್ಡ್‌ಗಳಲ್ಲಿ ಯಾವ ಯಾವ ಯಂತ್ರಭಾಗಗಳಿವೆ ಎಂಬ ವಿವರ ಡಿವೈಸ್ ಟ್ರೀ ಎಂಬ ಮರದ ರೂಪದಲ್ಲಿರುತ್ತದೆ. ಅದರ ಕೊಂಬೆಗಳನ್ನು ಒಂದೊಂದಾಗಿ ನೋಡುವ ಲೂಪ್ ಪ್ರತಿ ಕೊಂಬೆಯನ್ನು ಹಿಡಿದು, ಮುಂದಿನದಕ್ಕೆ ಹೋಗುವಾಗ ಹಿಂದಿನದನ್ನು ಬಿಡುತ್ತದೆ. ಲೂಪ್ ಪೂರ್ತಿ ಓಡಿದರೆ ಲೆಕ್ಕ ಸರಿ. ನಡುವೆ ಬೇಕಾದದ್ದು ಸಿಕ್ಕಿತೆಂದು ಬ್ರೇಕ್ ಹಾಕಿ ಹೊರಬಂದರೆ ಕೊನೆಯ ಕೊಂಬೆ ಕೈಯಲ್ಲೇ ಉಳಿಯುತ್ತದೆ. ಇಂಥ ಹಿಂಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿದ ಪ್ಯಾಚ್‌ಗಳು ಲಿನಕ್ಸ್ ಇತಿಹಾಸದಲ್ಲಿ ನೂರಾರು.

ಸ್ಲೇಟನ್ನೇ ಬದಲಿಸಿದರು

ಒಂದೊಂದೇ ಬಾಗಿಲು ಮುಚ್ಚುತ್ತ ಹೋದರೆ ಮುಗಿಯುವುದು ಯಾವಾಗ? ಮನುಷ್ಯರು ಬರೆಯುವ ಕೋಡ್‌ನಲ್ಲಿ ಮರೆವು ಇದ್ದೇ ಇರುತ್ತದೆ. ಆದ್ದರಿಂದ 2017ರ ಏಪ್ರಿಲ್ ಕೊನೆಯಲ್ಲಿ ಬಂದ 4.11ನೇ ಆವೃತ್ತಿಯಲ್ಲಿ ಎಣಿಕೆಗೆಂದೇ ರೆಫ್‌ಕೌಂಟ್_ಟಿ ಎಂಬ ಹೊಸ ಬಗೆಯನ್ನು ಸೇರಿಸಿದರು. ಅದರ ನಿಯಮ ಸರಳ. ಎಣಿಕೆ ಮಿತಿ ಮೀರಿದರೆ ಸೊನ್ನೆಗೆ ತಿರುಗುವುದಿಲ್ಲ, ಮೇಲೆಯೇ ಅಂಟಿಕೊಂಡು ನಿಲ್ಲುತ್ತದೆ. ಮುಂದೆ ಎಷ್ಟು ಕಳೆದರೂ ಇಳಿಯುವುದಿಲ್ಲ, ಎಚ್ಚರಿಕೆಯ ಸಂದೇಶ ಮಾತ್ರ ಬರುತ್ತದೆ.

ಚಾಚಾಗೆ ಹೇಳಿದಂತೆ: "ಸ್ಲೇಟು 99 ಮುಟ್ಟಿದರೆ ಎಣಿಸುವುದನ್ನು ನಿಲ್ಲಿಸಿ. ಇಂದು ರಾತ್ರಿ ಬೀಗ ಹಾಕಬೇಡಿ. ದೀಪ ಉರಿಯಲಿ, ಬೆಳಿಗ್ಗೆ ಪ್ರಾಂಶುಪಾಲರಿಗೆ ತಿಳಿಸಿ." ಕರೆಂಟ್ ಬಿಲ್ ಬರುತ್ತದೆ, ನಿಜ. ಆದರೆ ಒಳಗೆ ಯಾರೂ ಸಿಕ್ಕಿಬೀಳುವುದಿಲ್ಲ. ದೊಡ್ಡ ಅಪಾಯವನ್ನು ಸಣ್ಣ ನಷ್ಟವಾಗಿ ಬದಲಿಸುವುದು ಒಳ್ಳೆಯ ಎಂಜಿನಿಯರಿಂಗ್.

ಕರ್ನಲ್ ಕೆಲಸವೆಲ್ಲ ಎಲ್ಲೋ ದೂರ ದೇಶದ್ದು ಎಂದುಕೊಳ್ಳಬೇಡಿ. ಎಣಿಕೆಯ ಸುತ್ತ ಇನ್ನೊಂದು ಸಮಸ್ಯೆಯಿದೆ. ಹಲವು ಪ್ರೊಸೆಸರುಗಳು ಒಂದೇ ಸ್ಲೇಟಿಗಾಗಿ ಕಿತ್ತಾಡಿದರೆ ವೇಗ ಕುಸಿಯುತ್ತದೆ. ಬರೀ ಓದುವವರು ಸ್ಲೇಟನ್ನು ಮುಟ್ಟದೆಯೇ ಓದಿ ಹೋಗುವ ಆರ್‌ಸಿಯು ಎಂಬ ವಿಧಾನ ಇದಕ್ಕೆ ಪರಿಹಾರ. ಲಿನಕ್ಸ್‌ಗೆ ಅದನ್ನು ಪರಿಚಯಿಸಿದ 2001ರ ಪ್ರಬಂಧದ ಸಹಲೇಖಕರಲ್ಲಿ ಬೆಂಗಳೂರಿನ ಐಬಿಎಂ ಲ್ಯಾಬಿನ ದೀಪಂಕರ್ ಸರ್ಮಾ ಮತ್ತು ಮನೀಶ್ ಸೋನಿ ಇದ್ದರು. ತೆರೆದ ಫೈಲನ್ನು ಬೀಗವಿಲ್ಲದೆ ಹುಡುಕುವ ವ್ಯವಸ್ಥೆಯನ್ನು ಸರ್ಮಾ ಅವರು ರೂಪಿಸಿ, ಅದು 2005ರಲ್ಲಿ 2.6.14ನೇ ಆವೃತ್ತಿಗೆ ಸೇರಿತು. ನೀವು ಇಂದು ಫೋನಿನಲ್ಲಿ ಒಂದು ಫೋಟೊ ತೆರೆದಾಗಲೂ ಆ ಚಿಂತನೆ ಒಳಗೆ ಕೆಲಸ ಮಾಡುತ್ತಿರುತ್ತದೆ.

ನೀವೇ ಮಾಡಿ ನೋಡಿ

ಲ್ಯಾಬಿನಲ್ಲಿ ಪೈಥಾನ್ ಇದೆ. ಪೈಥಾನ್ ಕೂಡ ಒಳಗೆ ರೆಫರೆನ್ಸ್ ಕೌಂಟ್ ಬಳಸುತ್ತದೆ. ಎಕ್ಸ್ ಎಂಬ ಹೆಸರಿಗೆ ಒಂದು ಖಾಲಿ ಲಿಸ್ಟ್ ಕೊಡಿ. ಸಿಸ್ ಮಾಡ್ಯೂಲಿನ ಗೆಟ್‌ರೆಫ್‌ಕೌಂಟ್ ಎಂಬ ಫಂಕ್ಷನ್‌ಗೆ ಎಕ್ಸ್ ಕೊಟ್ಟು ನೋಡಿ: ಸಾಮಾನ್ಯವಾಗಿ 2 ಬರುತ್ತದೆ. ಹೆಸರು ಒಂದೇ ಇರುವಾಗ 2 ಏಕೆ? ಎಣಿಸಲು ಹೋದ ಫಂಕ್ಷನ್ ಕೂಡ ಆ ಕ್ಷಣಕ್ಕೆ ಅದನ್ನು ಹಿಡಿದಿರುತ್ತದೆ. ಈಗ ವೈ ಎಂಬ ಹೆಸರಿಗೂ ಅದೇ ಲಿಸ್ಟ್ ಕೊಡಿ: 3. ವೈ ಅಳಿಸಿ: ಮತ್ತೆ 2. ಎಣಿಸಲು ಬಂದವನು ತನ್ನ ಒಂದನ್ನು ಮರಳಿಸದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಕೀರಿಂಗ್‌ನಲ್ಲಿ ಆದದ್ದು ಅದೇ.

ಇನ್ನು ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ. ಸೋರಿಕೆ ಇದ್ದಲ್ಲಿ ರೀಸ್ಟಾರ್ಟ್ ಮಾಡಿದಾಗ ತಪ್ಪು ಸರಿಯಾಗುವುದಿಲ್ಲ, ಸ್ಲೇಟು ಮಾತ್ರ ಒರೆಸಿ ಹೋಗುತ್ತದೆ. ಹಿಂಬಾಗಿಲು ತೆರೆದೇ ಇರುತ್ತದೆ, ಮರುದಿನ ಎಣಿಕೆ ಮತ್ತೆ ಏರಲು ಶುರುವಾಗುತ್ತದೆ. ಯಾರಾದರೂ ಕೋಡ್ ಓದಿ ಆ ಬಾಗಿಲನ್ನು ಮುಚ್ಚಿದಾಗಲೇ ಅದು ರಿಪೇರಿ. ಅಷ್ಟರವರೆಗೆ ಫೋನಿಗೆ ಅಪ್‌ಡೇಟ್ ಬಂದಾಗ "ನಂತರ" ಎಂದು ಮುಂದೂಡಬೇಡಿ. ಅದರಲ್ಲಿ ಯಾರೋ ಮುಚ್ಚಿದ ಬಾಗಿಲುಗಳಿರುತ್ತವೆ.

ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದು ಓದಿದರೆ ಯಾರನ್ನೋ ಕೆಲಸದಿಂದ ಹೊರಗಿಟ್ಟರು ಎಂದರ್ಥ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಕೇಳುವ ಮೊದಲೇ ಮರಳಿಸಬೇಕಾದದ್ದು. ಕರ್ನಲ್‌ನ ಗೆಟ್ ಮತ್ತು ಪುಟ್ ಕಲಿಯುವಾಗ ನನಗೆ ನೆನಪಾಗುವುದು ಈ ಎರಡನೆಯ ಅರ್ಥ. ಲಿನಕ್ಸ್‌ನ ಕೋಡ್ ಎಲ್ಲರಿಗೂ ಓದಲು ತೆರೆದಿದೆ. ಓದಲು ಆಸಕ್ತಿಯಿದ್ದವರು ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬನ್ನಿ. ಒಂದು ಫಂಕ್ಷನ್ ತೆಗೆದುಕೊಂಡು ಅದರ ಬಾಗಿಲುಗಳನ್ನು ಒಟ್ಟಿಗೆ ಎಣಿಸೋಣ.